ತಿಕೋಟಾ ದಾರಿಯಲ್ಲಿ ಕೇಳಿಸಿದ ‘ಹೋಲ್ಡಾನ್’

ಡಿಪೋದಲ್ಲಿ ಡ್ರೈವರುಗಳು ಕೂಡಿದರೆ ಇಂಥ ಕತೆಗಳಿಗೆ ಕಡಿಮೆಯಿಲ್ಲ. ಖಾಲಿ ಸೀಟಿನಲ್ಲಿ ಯಾರೋ ಕೂತಿದ್ದರಂತೆ, ತಿರುಗಿ ನೋಡಿದರೆ ಇರಲಿಲ್ಲವಂತೆ. ನಿದ್ದೆಗೆಟ್ಟ ಕಣ್ಣಿಗೆ ಏನು ಬೇಕಾದರೂ ಕಾಣುತ್ತದೆ ಎಂದು ನಾನು ಎದ್ದು ಹೋಗುತ್ತಿದ್ದೆ. ಈಗಲೂ ಪೂರ್ತಿ ನಂಬುತ್ತೇನೆ ಅನ್ನಲಾರೆ. ಆದರೆ ಎದ್ದು ಹೋಗುವುದನ್ನು ಬಿಟ್ಟಿದ್ದೇನೆ.

ಆಗ ನಾನು ವಿಜಯಪುರದಿಂದ ತಿಕೋಟಾ, ಹೊನವಾಡ ಹಾದು ಒಳಗಿನ ವಸ್ತಿಗಳಿಗೆ ಬಸ್ಸು ಓಡಿಸುತ್ತಿದ್ದೆ. ಜನ ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದರು. ಒಂದು ಮನೆಯಲ್ಲಿ ಕೂಗಿದರೆ ಇನ್ನೊಂದಕ್ಕೆ ಕೇಳದಷ್ಟು ದೂರ. ಮಧ್ಯಾಹ್ನದ ಟ್ರಿಪ್ಪಿಗೆ ಹತ್ತುವವರೇ ಇರಲಿಲ್ಲ. ಅದನ್ನು ನಿಲ್ಲಿಸುತ್ತೇವೆಂದು ಮೇಲಿನವರು ಅನ್ನುತ್ತಲೇ ಇದ್ದರು. ನಿಂತರೆ ಸಾಕಪ್ಪಾ ಅಂತ ನನಗೂ ಅನಿಸಿತ್ತು. ಆ ದಾರಿಯ ತಗ್ಗುಗಳಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು.

ಅವತ್ತು ರಣಬಿಸಿಲು. ಮರಳಿ ಬರುವಾಗ ಬಸ್ಸಿನಲ್ಲಿ ಇದ್ದವರು ನಾನು ಮತ್ತು ಕಂಡಕ್ಟರ್ ಶಾಂತಾ, ಇಬ್ಬರೇ. ಆಕೆ ಮುಂದಿನ ಸೀಟಿನಲ್ಲಿ ತಲೆ ಒರಗಿಸಿದ್ದಳು. ಬೇವಿನ ಗಿಡದ ಸ್ಟಾಪಿನಲ್ಲಿ ಯಾರೂ ಕಾಣಲಿಲ್ಲ, ದಾಟಿಸಿಬಿಟ್ಟೆ. ತುಸು ಮುಂದೆ ಹೋಗಿದ್ದೆನಷ್ಟೆ, ಹಿಂದಿನ ಬಾಗಿಲ ಕಡೆಯಿಂದ ಗಂಡು ದನಿ: “ಹೋಲ್ಡಾನ್!”

ಬಸ್ಸು ನಿಲ್ಲಿಸಲು ಕಂಡಕ್ಟರುಗಳು ಹಾಕುವ ಕೂಗು ಅದು. ಕಾಲು ತಾನಾಗಿಯೇ ಬ್ರೇಕ್ ಒತ್ತಿತು. ಶಾಂತಾ ಗಾಬರಿಯಾಗಿ ಎದ್ದಳು.

“ಯಾಕ ನಿಂದ್ರಿಸಿದ್ರಿ ಅಣ್ಣಾರ?”

“ಯಾರೋ ಹೋಲ್ಡಾನ್ ಅಂದ್ರಲ್ಲ.”

“ಯಾರದಾರ್ರೀ ಇಲ್ಲಿ?”

ಹಿಂದೆ ನೋಡಿದರೆ ಬರೀ ಸೀಟುಗಳು. ಆಕೆಗೆ ಏನೂ ಕೇಳಿಸಿರಲಿಲ್ಲ. ಆದರೂ, “ಯಾರರ ಓಡಿ ಬರಾಕತ್ತಾರೇನೋ, ತಡೀರಿ” ಎಂದು ಇಳಿದು ಸ್ಟಾಪಿನ ಕಡೆ ಹಿಂದಕ್ಕೆ ಹೋದಳು. ಮರುಗಳಿಗೆಯಲ್ಲಿ ನನ್ನನ್ನು ಕೂಗಿ ಕರೆದಳು.

ಗಿಡದ ಬೊಡ್ಡೆಯ ಆಚೆ ತುಂಬಿದ ಬಸುರಿಯೊಬ್ಬಳು ಬಿದ್ದಿದ್ದಳು. ಬಸ್ಸು ಹಿಡಿಯಲು ವಸ್ತಿಯಿಂದ ಒಬ್ಬಳೇ ನಡೆದು ಬಂದವಳು, ನೋವು ಹತ್ತಿ ಏಳಲಾಗಿರಲಿಲ್ಲ. ಬಾಯಿ ಒಣಗಿ ಮಾತೂ ಹೊರಡುತ್ತಿರಲಿಲ್ಲ. ಇಬ್ಬರೂ ಎತ್ತಿ ಸೀಟಿನ ಮೇಲೆ ಮಲಗಿಸಿದೆವು. ತಿಕೋಟಾದ ಆಸ್ಪತ್ರೆಯ ಬಾಗಿಲವರೆಗೂ ಬಸ್ಸು ಒಯ್ದೆ. ಹೆಣ್ಣು ಹುಟ್ಟಿತು, ತಾಯಿಯೂ ಉಳಿದಳು.

ಆ ಟ್ರಿಪ್ಪು ಆಮೇಲೆ ನಿಂತೇ ಹೋಯಿತು. ನನ್ನನ್ನು ಬಬಲೇಶ್ವರದ ಕಡೆಗೆ ಹಾಕಿದರು. ಬಿಸಿಲಿಗೆ ಕಿವಿ ಗುಂಯ್‌ಗುಟ್ಟಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಹೋದ ವರ್ಷ ತಿಕೋಟಾ ಬಸ್‌ಸ್ಟ್ಯಾಂಡಿನಲ್ಲಿ ಆ ತಾಯಿಯೇ ನನ್ನ ಗುರುತು ಹಿಡಿದಳು. ಮಗಳನ್ನು ಮುಂದೆ ತಂದು, “ಕಾಕಾಗ ಶರಣ ಮಾಡು” ಅಂದಳು. ಆಮೇಲೆ ನನ್ನ ಕಡೆ ತಿರುಗಿ, “ಬಸ್ಸು ಹೋಗೇಬಿಡ್ತು, ನನ್ನ ಕತಿ ಮುಗೀತು ಅನ್ಕೊಂಡಿದ್ದೆ ನೋಡ್ರಿ. ಅಷ್ಟರಾಗ ನೀವು ಹೋಲ್ಡಾನ್ ಅಂತ ಒದರಿದ್ದು ಕೇಳಿಸ್ತು. ಹೋದ ಜೀವ ಬಂದಂಗಾತು” ಎಂದಳು.

ನಾನು ಒದರಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೂರ ಕಡೆಯ ಟಂಟಂ ಆಟೋ ಬಂತು. ಜಾಗ ಹಿಡಿಯಲು ತಾಯಿ ಮಗಳು ಇಬ್ಬರೂ ಓಡಿದರು. ನಾನು ಅಲ್ಲೇ ನಿಂತಿದ್ದೆ.