ಬೀರುವಿನಲ್ಲಿದ್ದ ಅಂಗಿ ಯಾರದು?

ಲಿಫ್ಟಿನಲ್ಲಿ ನನ್ನ ಪಕ್ಕ ನಿಂತಿದ್ದ ಹುಡುಗಿ ತನ್ನ ಮಹಡಿ ಬಂದು ಬಾಗಿಲು ತೆರೆದರೂ ಇಳಿಯಲಿಲ್ಲ. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಕಣ್ಣು ಗೋಡೆಗೆ ಅಂಟಿಸಿದ್ದ ಜಾಹೀರಾತಿನ ಮೇಲೆ. ನನ್ನ ಕಥಾಸಂಕಲನದ ಜಾಹೀರಾತು ಅಲ್ಲೇ ಇತ್ತು. ನನ್ನ ಎದೆ ಉಬ್ಬಿತು.

ಅವಳು ಓದುತ್ತಿದ್ದದ್ದು ಪಕ್ಕದ್ದನ್ನು. ಬೇಗೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಥೆ ಬರೆಯುವವರು ಇಬ್ಬರೇ, ನಾನು ಮತ್ತು ನಮ್ಮ ಕೆಳಗಿನ ಮಹಡಿಯ ಗಿರಿಜಕ್ಕ. ನಾನು ವಾರವಿಡೀ ಕೂತು ಕಪ್ಪು ಹಿನ್ನೆಲೆಗೆ ಹುಣ್ಣಿಮೆ ಚಂದ್ರ, ಬಂಗಾರದ ಅಕ್ಷರ ಹಾಕಿ, ಮಿರಮಿರ ಮಿಂಚುವಂತೆ ಲ್ಯಾಮಿನೇಶನ್ ಮಾಡಿಸಿದ್ದೆ. ಗಿರಿಜಕ್ಕ ಬಿಳಿ ಹಾಳೆಯಲ್ಲಿ ಎರಡೇ ಸಾಲು ಬರೆದು ಅಂಟಿಸಿದ್ದರು: ‘ಅತ್ತೆಯ ಬೀರುವಿನಲ್ಲಿ ಗಂಡಸಿನ ಅಂಗಿಯೊಂದು ಸಿಕ್ಕಿತು. ಅದು ಮಾವನದಲ್ಲ.’ ಕೆಳಗೆ ಪುಸ್ತಕದ ಹೆಸರು, ಅವರ ಮನೆ ನಂಬರು.

“ಮೇಡಂ, ಆ ಅಂಗಿ ಯಾರ್ದು ಅಂತ ನಿಮ್ಗೇನಾದ್ರೂ ಗೊತ್ತಾ?” ಹುಡುಗಿ ಕೇಳಿದಳು.

“ನಂಗೇನ್ ಗೊತ್ತಮ್ಮ!” ಎಂದೆ. ಕೊನೆಗೂ ಅವಳು ನನ್ನ ಜಾಹೀರಾತಿನ ಕಡೆ ತಿರುಗಿದಳು. ಹತ್ತಿರ ಬಾಗಿ, ಅದರ ಹೊಳಪಿನಲ್ಲಿ ಮುಖ ನೋಡಿಕೊಂಡು, ಹಣೆಯ ಬೊಟ್ಟು ಸರಿಮಾಡಿಕೊಂಡು, ಗಿರಿಜಕ್ಕನ ಮಹಡಿಯಲ್ಲಿ ಇಳಿದುಹೋದಳು.

ತಡೆಯಲಾಗದೆ ನಾನೂ ಆ ಪುಸ್ತಕ ಕೊಂಡು ಓದಿದೆ. ಅಂಗಿ ಯಾರದೆಂದು ಈಗ ನನಗೆ ಗೊತ್ತು. ಲಿಫ್ಟಿನಲ್ಲಿ ಇನ್ಯಾರಾದರೂ ಕೇಳಿದರೆ ಥಟ್ಟನೆ ಹೇಳಿಬಿಡೋಣ ಎಂದು ಕಾಯುತ್ತಿದ್ದೇನೆ. ಯಾರೂ ಕೇಳುತ್ತಿಲ್ಲ. ಎಲ್ಲರೂ ಆಗಲೇ ಓದಿಬಿಟ್ಟಿದ್ದಾರೆ.