ಕಣದಲ್ಲಿ ಒಣಗಿದ ಗಿಟಾರ್

ಹೊಸ ಗಿಟಾರನ್ನು ಯಾರಾದರೂ ಕಾಫಿ ಕಣದಲ್ಲಿ ಬಿಸಿಲಿಗೆ ಹಾಕುತ್ತಾರೆಯೇ? ನನ್ನ ಗಂಡ ಹಾಕಿದರು. ಒಣಗಲು ಹರವಿದ್ದ ಪಾರ್ಚ್‌ಮೆಂಟ್ ಕಾಫಿಬೀಜದ ಪಕ್ಕದಲ್ಲೇ, ಟಾರ್ಪಾಲಿನ ಮೇಲೆ, ಅಂಗಾತ ಮಲಗಿಸಿ. ನಡುವೆ ಬಂದು ಮಗುಚಿ ಹಾಕಿದ್ದೂ ಉಂಟಂತೆ, ಎರಡೂ ಕಡೆ ಸಮನಾಗಿ ಒಣಗಲಿ ಎಂದು.

ನಾನು ಆ ಹೊತ್ತಿನಲ್ಲಿ ತೋಟದೊಳಗೆ ಆಳುಗಳು ಕೊಯ್ದ ಹಣ್ಣು ತೂಗಿಸುತ್ತಿದ್ದೆ. ಬಾಳೂರಿನ ಕಡೆ ಇರುವ ನಮ್ಮದು ಚಿಕ್ಕ ತೋಟ. ಲೆಕ್ಕ ಬರೆಯುವ ರೈಟರ್, ಆಳು ನೋಡಿಕೊಳ್ಳುವ ಮೇಸ್ತ್ರಿ ಅಂತ ಬೇರೆ ಯಾರೂ ಇಲ್ಲ, ಎಲ್ಲ ನಾವಿಬ್ಬರೇ. ಗಿಟಾರ್ ಪಾರ್ಸೆಲ್ ಬಣಕಲ್‌ನ ಅಂಗಡಿಯೊಂದಕ್ಕೆ ಬಂದಿತ್ತು. ಅಕಾಲದಲ್ಲಿ ಮಳೆ ಹುಯ್ದ ವಾರ ಅದು. ಗಂಡ ಹೋಗಿ ತರುವಷ್ಟರಲ್ಲಿ ಅಂಗಡಿಯ ಜಗಲಿಯಲ್ಲಿಟ್ಟ ಡಬ್ಬದ ಒಂದು ಮೂಲೆ ನೆನೆದಿತ್ತು. ಕೊಯ್ಲಿನ ಕಾಲದಲ್ಲಿ ನೆನೆದದ್ದು ಏನೇ ಕಂಡರೂ ನಮ್ಮ ಕಡೆಯವರಿಗೆ ತಲೆ ನಿಲ್ಲುವುದಿಲ್ಲ. ಮೋಡ ಕವಿದರೆ ಕೈ ತೊಳೆಯದೆ ಊಟದಿಂದೆದ್ದು ಕಣಕ್ಕೆ ಓಡುತ್ತೇವೆ. ಬಿಸಿಲು ಬಿದ್ದ ಕೂಡಲೇ ಕಾಫಿ, ಮೆಣಸು, ಹಾಸಿಗೆ, ರಗ್ಗು ಎಲ್ಲವೂ ಹೊರಗೆ. ಆ ಸಾಲಿನಲ್ಲಿ ನನ್ನ ಗಿಟಾರೂ ಹೋಗಿ ಮಲಗಿತ್ತು.

ನಾನು ಮನೆಗೆ ಬರುವಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಎಲೆಕ್ಟ್ರಿಕ್ ಗಿಟಾರಿನ ಮುಂಭಾಗಕ್ಕೆ ಒಂದು ಬಿಳಿ ಪ್ಲಾಸ್ಟಿಕ್ ಹಲಗೆ ಇರುತ್ತದೆ, ಪಿಕ್‌ಗಾರ್ಡ್ ಎನ್ನುತ್ತಾರೆ. ಸುತ್ತಲೂ ಸಣ್ಣ ಸ್ಕ್ರೂ ಹಾಕಿ ಅದನ್ನು ಮರಕ್ಕೆ ಕೂರಿಸಿರುತ್ತಾರೆ. ಅದು ಹಪ್ಪಳದ ಹಾಗೆ ಸೆಟೆದು, ಎರಡು ಸ್ಕ್ರೂಗಳನ್ನು ಕಿತ್ತುಕೊಂಡು ಮೇಲೆದ್ದಿತ್ತು. ತಂತಿ ಮೀಟಿದರೆ ಹಲಗೆಯ ಅಂಚಿಗೆ ತಾಗಿ ಜರ್ರ್ ಎನ್ನುತ್ತಿತ್ತು.

ನನಗೆ ಗಿಟಾರ್ ಶೋಕಿಗೆ ಬೇಕಾಗಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಇದೇ ಗಂಡ ಜೀಪಿನ ಹಿಂದಿನ ಬಾಗಿಲನ್ನು ನೋಡದೆ ಎಳೆದು ಹಾಕಿದ್ದರು. ನನ್ನ ಎಡಗೈ ಅಲ್ಲಿತ್ತು. ಚಿಕ್ಕಮಗಳೂರಿನ ಡಾಕ್ಟರು ಹೊಲಿಗೆ ಹಾಕಿ, ನರ ಜೋಡಿಸಿ, ಕೈಯನ್ನೇನೋ ಉಳಿಸಿದರು. ಆದರೆ ಉಂಗುರದ ಬೆರಳು, ಕಿರುಬೆರಳು ಎರಡೂ ನನ್ನ ಮಾತು ಕೇಳುವುದನ್ನು ಬಿಟ್ಟವು. ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಬೇಜಾರು ಹತ್ತಿ ಅದನ್ನು ನಾಯಿಗೆ ಎಸೆದೆ. ಕಾಲೇಜಿನಲ್ಲಿದ್ದಾಗ ಗಿಟಾರ್ ನುಡಿಸುತ್ತಿದ್ದೆ ಎಂದು ಬಾಯಿಮಾತಿಗೆ ಹೇಳಿದ್ದಕ್ಕೆ ಡಾಕ್ಟರು, "ಹಂಗಾದ್ರೆ ಅದನ್ನೇ ಹಿಡೀರಿ. ಎಲೆಕ್ಟ್ರಿಕ್ ಆದ್ರೆ ತಂತಿ ಮೆತ್ತಗಿರುತ್ತೆ. ಈ ಬೇಸಿಗೆಯೊಳಗೆ ಬೆರಳು ಬಗ್ಗದಿದ್ರೆ ಆಮೇಲೆ ನಾನೂ ಏನೂ ಮಾಡೋಕಾಗಲ್ಲ" ಎಂದರು. ಗಂಡ ಅವತ್ತೇ ಕೂತು ಆರ್ಡರ್ ಮಾಡಿದರು. ಬಂದದ್ದನ್ನು ಒಣಗಿಸಿಯೂ ಕೊಟ್ಟರು.

"ಲೂಸಾಗಿದೆ ಅಷ್ಟೇ ಮಾರಾಯ್ತಿ, ಟೈಟ್ ಮಾಡಿದ್ರಾಯ್ತು," ಎಂದು ಪಲ್ಪರ್ ಬಿಚ್ಚುವ ಸ್ಕ್ರೂಡ್ರೈವರ್ ತಂದರು. ಹಣ್ಣಿನ ಸಿಪ್ಪೆ ಸುಲಿಯುವ ಆ ಕಬ್ಬಿಣದ ಯಂತ್ರಕ್ಕೆ ಎಷ್ಟು ಬಿಗಿದರೂ ಕಡಿಮೆಯೇ. ಅದೇ ಕೈ, ಅದೇ ಜೋರು. ಬೇಡ ಎನ್ನುವುದರೊಳಗೆ ಸ್ಕ್ರೂ ಮರವನ್ನು ತಿಂದು ಸುಮ್ಮನೆ ಗಿರಗಿರ ತಿರುಗತೊಡಗಿತು. ನಾನು ಹಲ್ಲು ಕಚ್ಚಿ ಗಿಟಾರನ್ನು ಕಸಿದುಕೊಂಡೆ.

ಮರುದಿನ ಬಣಕಲ್‌ನಲ್ಲಿ ಮೋಟರು, ಮಿಕ್ಸಿ ರಿಪೇರಿ ಮಾಡುವ ಸಾಹೇಬರ ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ಗಿಟಾರನ್ನು ಬೆಂಚಿನ ಮೇಲಿಟ್ಟು, ಬಗ್ಗಿ ನೋಡಿ, "ಅಕ್ಕ, ಇದು ಥ್ರೆಡ್ ಹೋಗಿದೆ. ಸ್ಕ್ರೂ ನಂಬ್ಕೋಬೇಡಿ. ಈ ಕಡೆಯಿಂದ ಆ ಕಡೆಗೆ ಡ್ರಿಲ್ ಹೊಡೆದು ಬೋಲ್ಟ್ ಹಾಕ್ತೀನಿ, ಹಿಂದಿಂದ ನಟ್. ಜನ್ಮಕ್ಕೆ ಅಲ್ಲಾಡಲ್ಲ" ಎಂದು ಡ್ರಿಲ್ಲಿನ ವೈರನ್ನು ಪ್ಲಗ್ಗಿಗೆ ಹಾಕಿಯೇ ಬಿಟ್ಟರು. ಮನಸ್ಸು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ನಾನು ಚಹಾ ಕೂಡ ಕುಡಿಯದೆ ಗಿಟಾರ್ ಎತ್ತಿಕೊಂಡು ಬಸ್ ಹತ್ತಿದೆ. ನನಗೆ ಒಳ್ಳೆಯದು ಮಾಡಹೊರಟವರನ್ನು ಕಂಡರೆ ಆ ವಾರ ಭಯವಾಗುತ್ತಿತ್ತು.

ಕೊನೆಗೆ ನಾನೇ ಕೂತೆ. ಮಧ್ಯಾಹ್ನ ಊಟವಾದ ಮೇಲೆ, ನಡುಮನೆಯಲ್ಲಿ, ಚಾಪೆಯ ಮೇಲೆ. ತಂತಿಗಳನ್ನು ಸಡಿಲಿಸಿ ಹಲಗೆ ಬಿಚ್ಚಿದೆ. ಸವೆದ ತೂತುಗಳಿಗೆ ಬೆಂಕಿಕಡ್ಡಿಯ ಚೂರನ್ನು ಗೋಂದಿನಲ್ಲಿ ಅದ್ದಿ ತುಂಬಿ, ಒಣಗುವವರೆಗೆ ಕಾದೆ. ಸೆಟೆದ ಅಂಚಿಗೆ ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ಸ್ವಲ್ಪ ಬಗ್ಗಿಸಿದೆ. ಇಷ್ಟೂ ಬಲಗೈಯಲ್ಲಿ ಆಯಿತು. ಸ್ಕ್ರೂ ಹಾಕುವಾಗ ಮಾತ್ರ ಎಡಗೈ ಬೇಕು: ಹಲಗೆಯನ್ನೂ ಒತ್ತಿ ಹಿಡಿಯಬೇಕು, ಅಕ್ಕಿಕಾಳಿನಷ್ಟಿರುವ ಸ್ಕ್ರೂವನ್ನೂ ನಿಲ್ಲಿಸಬೇಕು. ನಿಲ್ಲಿಸಿದೆ, ಬಿತ್ತು. ಮತ್ತೆ ನಿಲ್ಲಿಸಿದೆ, ಹಲಗೆ ಎದ್ದಿತು, ಸ್ಕ್ರೂ ಸೋಫಾದ ಅಡಿಗೆ ಉರುಳಿತು. ಮಂಡಿಯೂರಿ ಹುಡುಕಿ ತಂದೆ. ಮತ್ತೆ ಬಿತ್ತು. ನನ್ನ ಕೈಯ ಮೇಲೆ ನನಗೆ ಅಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ.

ಗಂಡ ಕಣದಿಂದ ಬಂದು ಬಾಗಿಲಲ್ಲಿ ನಿಂತಿದ್ದರು. "ಕೊಡಿಲ್ಲಿ, ನಾ ಹಿಡ್ಕೊಳ್ತೀನಿ."

"ಮುಟ್ಬೇಡಿ."

"ಅಲ್ಲ ಮಾರಾಯ್ತಿ, ನೆನೆದಿತ್ತು ಅಂತ ಬಿಸ್ಲಿಗೆ ಇಟ್ಟೆ. ಬೇಕಂತ ಮಾಡಿದ್ದಲ್ವಲ್ಲ."

ಆ ಮಾತು ಕೇಳಿದ್ದೇ ತಡ, ನನ್ನ ಸಿಟ್ಟು ನೆತ್ತಿಗೇರಿತು. ಕೈ ಜಜ್ಜಿದ ದಿನದಿಂದ ಆಸ್ಪತ್ರೆಗೆ ಬಂದವರು, ಮನೆಗೆ ಬಂದವರು, ಫೋನ್ ಮಾಡಿದವರು ಎಲ್ಲರೂ ಅದನ್ನೇ ಅಂದಿದ್ದರು. ಪಾಪ, ಅವ್ರು ಬೇಕಂತ ಮಾಡಿದ್ದಲ್ವಲ್ಲ. ಎಲ್ಲರಿಗಿಂತ ಮೊದಲು, ಬ್ಯಾಂಡೇಜಿನ ಕೈ ಎತ್ತಿ ಹಿಡಿದುಕೊಂಡು, ನಾನೇ ಅಂದಿದ್ದೆ. ಆಮೇಲೆ ಗಂಡನ ಮುಖ ನೋಡಲಾಗದೆ ದಿನಾ ಒಂದು ಸುಳ್ಳು: ಈಗ ಪರವಾಗಿಲ್ಲ, ಬೆರಳು ಬರ್ತಾ ಇದೆ.

"ಬೇಕಂತ ಮಾಡ್ಲಿಲ್ಲ, ಸರಿ," ಎಂದೆ. "ಬಾಗಿಲು ಹಾಕೋ ಮುಂಚೆ ಒಂದ್ಸಲ ಹಿಂದೆ ತಿರುಗಿ ನೋಡ್ಬಾರ್ದಿತ್ತಾ? ಗಿಟಾರ್ ಬಿಸ್ಲಿಗೆ ಇಡೋ ಮುಂಚೆ ಒಂದು ಮಾತು ಕೇಳ್ಬಾರ್ದಿತ್ತಾ? ಈ ಕೈ ನಂದು, ನಿಮ್ಮದಲ್ಲ."

ನಾನು ಅಳುತ್ತಿದ್ದೆ, ಅದಕ್ಕೂ ಸಿಟ್ಟು ಬರುತ್ತಿತ್ತು. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಆಚೆ ತುದಿಯಲ್ಲಿ ಕೂತರು.

"ಇದನ್ನ ಯಾವಾಗ ಅಂತೀಯ ಅಂತ ಕಾಯ್ತಾ ಇದ್ದೆ," ಎಂದರು.

ಸಮಾಧಾನವೇನೂ ಆಗಲಿಲ್ಲ. ಆದರೆ ಹಲಗೆಯನ್ನು ಅವರ ಕಡೆ ತಳ್ಳಿದೆ. ಎಲ್ಲಿ ಒತ್ತಬೇಕು ಎಂದು ಕೇಳಿದರು. ತೋರಿಸಿದೆ. ಎಷ್ಟು ಒತ್ತಬೇಕು ಎಂದೂ ಕೇಳಿದರು. ನಾನು ಸಣ್ಣ ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ತಿರುಗಿಸಿದೆ. ಒಂದು ಮೂಲೆ ಇನ್ನೂ ಸ್ವಲ್ಪ ಎದ್ದೇ ಇತ್ತು, ಆದರೆ ತಂತಿಗೆ ತಾಗುತ್ತಿರಲಿಲ್ಲ.

ಶ್ರುತಿ ಮಾಡಿ, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಉಂಗುರದ ಬೆರಳನ್ನು ತಂತಿಯ ಮೇಲೆ ಇಟ್ಟೆ. ಒತ್ತಿದೆ. ಇದ್ದಬದ್ದ ಬಲವನ್ನೆಲ್ಲ ಹಾಕಿ ಒತ್ತಿ, ಬಲಗೈಯಿಂದ ಮೀಟಿದೆ. ಟಪ್ ಎಂದು ಸತ್ತ ಸದ್ದು ಬಂತು.

"ಬೆರಳು ಬಂತಾ?" ಎಂದರು.

"ಇಲ್ಲ," ಎಂದೆ. "ಬಂದಿಲ್ಲ. ಒಂದು ಚೂರೂ ಬಂದಿಲ್ಲ. ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು."

ಹೊರಗೆ ಮೋಡ ಕಟ್ಟುತ್ತಿತ್ತು, ಕಣದಲ್ಲಿ ಕಾಫಿ ಹರಡಿತ್ತು. ಅವರು ಏಳಲಿಲ್ಲ.

"ಇನ್ನೊಂದ್ಸಲ ಒತ್ತು," ಎಂದರು.