ಬಾರದ ಜ್ವರ

ಬಂಟ್ವಾಳದ ಬೀಡಿ ಕಟ್ಟುವ ಸರಸಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಹೇಳಿದ್ದು ಒಂದೇ ಸುಳ್ಳು, ೧೯೬೩ರಲ್ಲಿ.

ಹನ್ನೊಂದು ವರ್ಷದ ಮಗಳು ಕಾಂತಿಯ ಕಾಲಿನಲ್ಲಿ ಪೆಟ್ಟು ಬೀಳದೆ ನೀಲಿ ಕಲೆಗಳು, ಹಲ್ಲುಜ್ಜಿದರೆ ರಕ್ತ. ಮೂರು ತಿಂಗಳಿಂದ ಮೆಲ್ಲಮೆಲ್ಲನೆ ಬಂದದ್ದು. ಮಾಸ್ತರರು ಹೊಡೆದರೆಂದು ಸರಸ ಮೊದಲು ಅವರಿಗೆ ಮನಸಾರೆ ಶಾಪ ಹಾಕಿದಳು, ಪಾಪದ ಮನುಷ್ಯ! ಆಮೇಲೆ ಡಾಕ್ಟರ ಬಳಿಗೆ ಹೋದಳು.

ಅಲ್ಲಿ ಅವಳಿಗಿಂತ ಮೊದಲು ನೆರೆಮನೆಯ ಉಮ್ಮರನ ಸರದಿ. ಅವನ ನಾಲ್ಕು ವರ್ಷದ ಮಗುವಿಗೂ ಇಂಥದ್ದೇ ಕಲೆ.

"ಜ್ವರ ಬಂದ ಮೇಲೆ ಒಮ್ಮೆಲೇ ಕಂಡದ್ದಾ? ಹೆದರ್ಬೇಡ ಮಾರಾಯ, ಹೆಚ್ಚಾಗಿ ತಾನಾಗಿಯೇ ಹೋಗ್ತದೆ" ಎಂದರು ಡಾಕ್ಟರು.

ಅದು ಕಿವಿಗೆ ಬಿದ್ದ ಸರಸಳೂ ತನ್ನ ಸರದಿ ಬಂದಾಗ ಅದನ್ನೇ ಒಪ್ಪಿಸಿದಳು: "ಜ್ವರ ಬಂದಿತ್ತು ಡಾಕ್ಟ್ರೇ. ಕಲೆ ಮೊನ್ನೆ ಮೊನ್ನೆ ಕಂಡದ್ದು." ಅವಳಿಗೆ ಆ ಒಳ್ಳೆಯ ಉತ್ತರ ಬೇಕಿತ್ತು. ಸಿಕ್ಕಿತು.

ಉಮ್ಮರನ ಮಗು ಎರಡು ತಿಂಗಳಲ್ಲಿ ಗುಣವಾಯಿತು. ಕಾಂತಿಯ ಕಲೆಗಳು ಆರು ತಿಂಗಳಾದರೂ ಹೋಗಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ತನ್ನ ಸುಳ್ಳೇ ಮಗಳನ್ನು ತಿನ್ನುತ್ತಿದೆಯೆಂದು ಹೆದರಿ ಸರಸ ಒಬ್ಬಳೇ ಹೋಗಿ ಡಾಕ್ಟರ ಮುಂದೆ ಅತ್ತುಬಿಟ್ಟಳು.

ಅವರು ಬೈಯಲಿಲ್ಲ. ಅದರಿಂದಲೇ ಅವಳ ಭಯ ಇಮ್ಮಡಿಯಾಯಿತು.

"ಸುಳ್ಳಿಂದ ಕಾಯಿಲೆ ಬರುವುದಿಲ್ಲ. ಆದ್ರೆ ಹತ್ತು ದಾಟಿದ ಹುಡುಗಿ, ಮೊದಲು ಜ್ವರ ಇಲ್ಲ, ಮೆಲ್ಲ ಬಂದದ್ದು. ಅಂಥದ್ದು ವರ್ಷಗಟ್ಟಲೆ ಉಳಿಯುವುದುಂಟು. ಅವಳು ದೊಡ್ಡವಳಾದ ದಿನ ರಕ್ತ ನಿಲ್ಲದೆ ಹೋಗ್ಬಹುದು. ಹೊರಗೆ ಕೂರಿಸ್ಬೇಡ, ಕೂಡ್ಲೇ ಕರ್ಕೊಂಡು ಬಾ. ನೀನು ನಿಜ ಹೇಳಿದ್ದಿದ್ರೆ ಇದನ್ನು ಅವತ್ತೇ ಹೇಳ್ತಿದ್ದೆ."

ಇದನ್ನು ಮನೆಯಲ್ಲಿ ತಾಯಿ ನೀಲಾವತಿಗೆ ಹೇಳಬೇಕಿತ್ತು. ಹೇಳಿದರೆ ಸುಳ್ಳಿನ ಕಥೆಯೂ ಹೊರಬೀಳುತ್ತದೆ. ಇವತ್ತು, ನಾಳೆ ಎಂದು ಸರಸ ಮುಂದೂಡಿದಳು. ದಿನಾ ಬೆಳಿಗ್ಗೆ ಮಾತ್ರ ಮಗಳ ಪಾವಡೆಯ ನೆರಿಗೆ ಬಿಡಿಸಿ ರಕ್ತದ ಕಲೆ ಹುಡುಕುತ್ತಿದ್ದಳು.

ಒಂದು ದಿನ ಕಟ್ಟಿದ ಬೀಡಿ ಕೊಡಲು ಬೆಳಿಗ್ಗೆಯೇ ಹೋಗಿ ಸಂಜೆ ಬಂದಾಗ ನೀಲಾವತಿ ಅಂಗಳದಲ್ಲಿ ನಗುತ್ತ ನಿಂತಿದ್ದಳು. "ಕಾಂತಿ ದೊಡ್ಡವಳಾದಳು. ನೀನು ಹೋದ ಮೇಲೆ ಬೆಳಿಗ್ಗೆಯೇ ಹಿಂದಿನ ಕೊಟ್ಟಿಗೆಯಲ್ಲಿ ಕೂರಿಸಿದ್ದೇನೆ. ಮುಟ್ಬೇಡ!"

ಸರಸ ಕೊಟ್ಟಿಗೆಗೆ ಓಡಿದಳು. ಕಾಂತಿಯ ತುಟಿ ಬಿಳುಚಿತ್ತು, ಕೂತ ಚಾಪೆ ಪೂರ್ತಿ ಒದ್ದೆ. "ಅಜ್ಜಿ ಯಾರನ್ನೂ ಕರೀಬಾರ್ದು ಅಂದ್ರು ಅಮ್ಮ" ಎಂದಳು ಮಗಳು, ಮೆಲ್ಲನೆ.

ಮಗಳನ್ನು ಬಾಚಿ ಎತ್ತಿಕೊಳ್ಳುತ್ತಲೇ ಸರಸ ಬಾರದ ಜ್ವರದ ಕಥೆಯನ್ನು, ಡಾಕ್ಟರ ಮಾತನ್ನು ಒಂದೇ ಉಸಿರಿಗೆ ಕೂಗಿ ಹೇಳಿದಳು. ಬಾಗಿಲಲ್ಲಿ ಬಂದು ನಿಂತ ನೀಲಾವತಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಒಳಗೆ ಬಂದು, ಮಡಿ ಸೀರೆಯಲ್ಲೇ, ಮೊಮ್ಮಗಳ ಕಾಲುಗಳನ್ನು ಎತ್ತಿಕೊಂಡಳು.

"ನಡಿ, ನಡಿ" ಎಂದಳು.